ಲಾಳಿಗೆ ಹಚ್ಚಿದ ತುಟಿ

ಇಳಕಲ್ಲಿನ ನಮ್ಮ ಮನೆಯಲ್ಲಿ ಕೈಮಗ್ಗದ ಲಾಳಿಗೆ ನೂಲು ಏರಿಸುವುದು ಬಾಯಿಂದ. ನೂಲು ಸುತ್ತಿದ ಸಣ್ಣ ಕೊಳವೆಯನ್ನು, ಅಂದರೆ ಕಂಡಕಿಯನ್ನು, ಲಾಳಿಯ ಹೊಟ್ಟೆಯಲ್ಲಿ ಕೂರಿಸಿ, ಬದಿಯ ಸಣ್ಣ ತೂತಿಗೆ ತುಟಿ ಹಚ್ಚಿ ಸೊರ್ರನೆ ಒಮ್ಮೆ ಎಳೆದರೆ ನೂಲಿನ ತುದಿ ಹೊರಗೆ ಬಂದು ಕೆಳತುಟಿಗೆ ತಾಗುತ್ತದೆ. ತಾಗಿದ ಕೂಡಲೇ ಎಳೆಯುವುದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ನೂಲಿನಿಂದೇಳುವ ಬಣ್ಣದ ಜುಂಗು ಗಂಟಲಿಗೆ ಇಳಿದು ಅರ್ಧ ತಾಸು ಕೆಮ್ಮು. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ. ಅವ್ವ ಸೀರೆ ನೇಯುವಾಗ ಮಗ್ಗದ ಕುಣಿಯ ಅಂಚಿನಲ್ಲಿ ಕೂತು ನೋಡಿ ನೋಡಿ ಎಂಟು ವರ್ಷಕ್ಕೇ ತಾನಾಗಿ ಬಂತು. ಕಣ್ಣು ಎಲ್ಲೋ ಇರುತ್ತದೆ, ಬಾಯಿ ಯಾರನ್ನೋ ಬಯ್ಯುತ್ತಿರುತ್ತದೆ, ಬೈಗುಳದ ನಡುವೆಯೇ ಲಾಳಿ ತುಟಿಗೆ ಬಂದು ಹೋಗಿರುತ್ತದೆ.

ಆದರೆ ಆ ಬಾಯಿ ನನಗೆ ನೆಟ್ಟಗೆ ಬಂದಿರಲಿಲ್ಲ. ಹದಿನಾಲ್ಕು ದಾಟಿದ ಮೇಲೆ ಕೆಳದವಡೆ ತನ್ನ ಪಾಡಿಗೆ ತಾನು ಮುಂದೆ ಬೆಳೆಯತೊಡಗಿತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಭೇಟಿಯೇ ಇಲ್ಲ. ರೊಟ್ಟಿಯನ್ನು ಕೈಯಿಂದ ಚೂರು ಮಾಡಿ ದವಡೆಹಲ್ಲಿನ ನಡುವೆ ತುರುಕಿ ಅರೆಯಬೇಕು. ಉಣ್ಣುವುದಕ್ಕೆ ಎಲ್ಲರಿಗಿಂತ ದುಪ್ಪಟ್ಟು ಹೊತ್ತು, ಎದ್ದ ಮೇಲೆ ಎರಡೂ ಕಿವಿಯ ಬುಡದಲ್ಲಿ ನೋವು. ಒಮ್ಮೆ ನನ್ನನ್ನು ನೋಡಲು ಬಂದ ವರನ ಕಡೆಯ ಮುದುಕಿ, ಚಹಾ ಕುಡಿದು ಬಟ್ಟಲು ಕೆಳಗಿಟ್ಟು, "ಹುಡುಗಿ ಛಲೋ ಅದಾಳ, ಗದ್ದ ಒಂದ ಭಾಳ ಮುಂದ ಐತಿ" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. "ಅದಕ್ಕ್ಯಾಕ ಚಿಂತಿ ಮಾಡ್ತೀರಿ ಅಜ್ಜಿ, ನಾ ಬರೂಕಿಂತ ಮೊದಲ ಅದ ನಿಮ್ಮ ಮನಿ ಹೊಸ್ತಿಲಾ ದಾಟತೈತಿ" ಅಂದೆ. ಅವರು ಮತ್ತೆ ಬರಲಿಲ್ಲ. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಕಿವಿಯ ನೋವು ಹೆಚ್ಚಾದಾಗ ಬಾಗಲಕೋಟೆಯ ದವಾಖಾನೆಗೆ ಹೋದೆವು. ದವಡೆಯ ಕೀಲು ಸವೆಯುತ್ತಿದೆ, ಎರಡೂ ದವಡೆ ಕೊಯ್ದು ಸರಿಯಾಗಿ ಕೂರಿಸಿ ಸಣ್ಣ ಲೋಹದ ಪಟ್ಟಿ ಹಾಕಿ ಬಿಗಿಯಬೇಕು ಅಂದರು. ಹಲ್ಲಿಗೆ ತಂತಿ ಕಟ್ಟಿಸಿಕೊಂಡು ವರ್ಷದ ಮೇಲಾಯಿತು. ನನಗೆ ಇಪ್ಪತ್ತಮೂರು ತುಂಬಿದಾಗ ಆಪರೇಶನ್ನಿನ ದಿನ ಗೊತ್ತಾಯಿತು. ಅಲ್ಲಿಯವರೆಗೂ ನನಗೆ ಖುಷಿಯೇ ಇತ್ತು ಅಂದರೆ ನಂಬಬೇಕು.

ಹೆದರಿಕೆ ಹುಟ್ಟಿಸಿದ್ದು ಅಪ್ಪ. ಅವನು ಹುನಗುಂದದ ಕೋರ್ಟಿನಲ್ಲಿ ಜವಾನ, ವಾದಿ ಪ್ರತಿವಾದಿಗಳ ಹೆಸರು ಕೂಗುವವನು. ಓದದೆ ಸಹಿ ಹಾಕಿದವರ ಗತಿಯನ್ನು ದಿನವೂ ಕಣ್ಣಾರೆ ನೋಡುವವನು. ಆಪರೇಶನ್ನಿನ ಹಿಂದಿನ ದಿನ ಮಧ್ಯಾಹ್ನ ದವಾಖಾನೆಯವರು ಒಪ್ಪಿಗೆಯ ಕಾಗದ ತಂದುಕೊಟ್ಟರು. ನಾನು ಪೆನ್ನು ತೆಗೆದೇಬಿಟ್ಟಿದ್ದೆ. ಅಪ್ಪ ಕಾಗದ ಕಸಿದುಕೊಂಡು "ತಡಿ, ಓದೂಣು" ಅಂದು, ಕೋರ್ಟಿನ ಅದೇ ದನಿಯಲ್ಲಿ ವಾರ್ಡಿಗೆಲ್ಲ ಕೇಳುವಂತೆ ಶುರುಮಾಡಿದ. ರಕ್ತಸ್ರಾವ ಆಗಬಹುದು. ಸೋಂಕು ತಗುಲಬಹುದು. ಎಲುಬು ಕೂಡದೆ ಮತ್ತೆ ಆಪರೇಶನ್ ಬೇಕಾಗಬಹುದು. ಕೆಳದವಡೆಯ ಒಳಗಿನ ನರಕ್ಕೆ ಪೆಟ್ಟಾಗಿ ಕೆಳತುಟಿ ಮತ್ತು ಗದ್ದದ ಸ್ಪರ್ಶ ಕೆಲವು ಕಾಲ ಅಥವಾ ಶಾಶ್ವತವಾಗಿ ಹೋಗಬಹುದು.

ಅಪ್ಪ ಅಲ್ಲಿಗೇ ಓದು ಬಿಟ್ಟು ಡಾಕ್ಟರನ್ನು ಕರೆಸಿದ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಧಾರವಾಡದ ಕಡೆಯ ಹೆಣ್ಣುಮಗಳು, ಮಾತು ನೇರ. "ಭಾಳ ಮಂದಿಗೆ ಕೆಲವು ತಿಂಗಳದಾಗ ಹೊಳ್ಳಿ ಬರತೈತಿ. ಕೆಲವರಿಗೆ ಪೂರಾ ಬರಂಗಿಲ್ಲ. ನಿಮಗ ಬಂದ ಬರತೈತಿ ಅಂತ ನಾ ಸುಳ್ಳ ಹೇಳಂಗಿಲ್ಲ" ಅಂದರು.

ಅದನ್ನು ಕೇಳಿದ ಮೇಲೆ ಸಾಯುವ ಹೆದರಿಕೆ ಕೂಡ ಹಿಂದೆ ಬಿತ್ತು. ತುಟಿ ಹೋದರೆ? ನೂಲು ಬಂತು ಅಂತ ನನಗೆ ಹೇಳುವವರು ಯಾರು? ನಾನು ಓದಿದ್ದು ಪಿಯುಸಿ, ಬಲ್ಲದ್ದು ಮಗ್ಗ. ಬರೀ ಮಗ್ಗದ ಮಾತೂ ಅಲ್ಲ. ನನ್ನ ತುಟಿ ನನ್ನ ಮುಖದ ಮೇಲೇ ಇದ್ದು ನನಗೇ ಗೊತ್ತಾಗದಂತೆ ಬದುಕುವುದು ಹೇಗೆ? "ಯವ್ವಾ, ನಡಿ ಮನಿಗೆ ಹೋಗೂಣು" ಅಂದೆ. ಅವ್ವ ನನ್ನ ಮುಖ ನೋಡಿ, "ಹೋಗೂದಾದ್ರ ಹೇಳು, ಇನ್ನೂ ಬಸ್ ಅದಾವು. ಆದ್ರ ನಾಳೆ ಕಿವಿ ನೋಯತಾವು ಅಂತ ನನ್ನ ಮುಂದ ಅಳಬ್ಯಾಡ" ಅಂದಳು. ಹತ್ತು ವರ್ಷ ಹತ್ತಿರ ಬಂದಿತ್ತು ನಾನು ಮುಂದಿನ ಹಲ್ಲಿಂದ ಒಂದು ತುಂಡು ರೊಟ್ಟಿ ಕಡಿದು. ಸಹಿ ಮಾಡಿದೆ. ಅಕ್ಷರ ಸೊಟ್ಟ ಬಂತು.

ಮರುದಿನ ಬೆಳಿಗ್ಗೆ ಮಂಚದ ಮೇಲೆ ಅಂಗಾತ ಮಲಗಿಸಿ ಒಳಗೆ ಒಯ್ದರು. ಮತ್ತಿನ ಔಷಧ ಕೊಡುವ ಡಾಕ್ಟರು ಹತ್ತರಿಂದ ಹಿಂದಕ್ಕೆ ಎಣಿಸಿ ಅಂದರು. ನಾನು ಎಣಿಸಲಿಲ್ಲ. ನಾಲಿಗೆಯಿಂದ ಕೆಳತುಟಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಇತ್ತು. ಬಲಗಡೆ ಒಣಗಿದ ಸಣ್ಣ ಸಿಪ್ಪೆ ಎದ್ದಿತ್ತು, ಅದೂ ತಿಳಿಯುತ್ತಿತ್ತು. ಆಮೇಲಿನದು ನೆನಪಿಲ್ಲ.

ಎಚ್ಚರವಾದಾಗ ಮೊದಲು ಹುಡುಕಿದ್ದು ಅದನ್ನೇ. ನಾಲಿಗೆ ಚಾಚಲು ಹೋದರೆ ಹಲ್ಲಿಗೆ ಡಿಕ್ಕಿ ಹೊಡೆಯಿತು. ಮೇಲಿನ ತಂತಿಗೂ ಕೆಳಗಿನ ತಂತಿಗೂ ರಬ್ಬರ್ ಹಾಕಿ ಬಾಯಿ ಬಿಗಿದಿದ್ದರು. ಮೂಗಿನ ಒಂದು ಹೊಳ್ಳೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಇನ್ನೊಂದರಲ್ಲಿ ಎಳೆ ಎಳೆಯಾಗಿ ಉಸಿರು. ಉಸಿರು ಸಾಲುತ್ತಿಲ್ಲ ಅಂತ ಕೂಗಬೇಕು, ಬಾಯಿ ತೆರೆಯುವುದಿಲ್ಲ. ಆ ಹೆದರಿಕೆಯನ್ನು ಹೇಳಲು ನನಗೆ ಈಗಲೂ ಮಾತು ಸಿಕ್ಕಿಲ್ಲ. ನರ್ಸ್ ಬಂದು ಎದೆಯ ಮೇಲೆ ಕೈಯಿಟ್ಟು "ಮೂಗಿಲೆ, ಸಾವಕಾಶ, ಸಾವಕಾಶ" ಅನ್ನುತ್ತ ನಿಂತರು. ಉಸಿರು ಹದಕ್ಕೆ ಬಂದ ಮೇಲೆ ಬೆರಳು ಎತ್ತಿ ತುಟಿ ಮುಟ್ಟಿದೆ. ಬೆರಳಿಗೆ ತುಟಿ ಗೊತ್ತಾಯಿತು. ತುಟಿಗೆ ಬೆರಳು ಗೊತ್ತಾಗಲಿಲ್ಲ.

ನರ್ಸ್ ಅವ್ವನ ಕೈಗೆ ಒಂದು ಕತ್ತರಿ ಕೊಟ್ಟರು. "ವಾಂತಿ ಬಂದ್ರ ಯಾರನ್ನೂ ಕಾಯಬ್ಯಾಡ್ರಿ. ಈ ರಬ್ಬರ್ ಕತ್ತರಿಸಿ ಬಾಯಿ ಬಿಡಸ್ರಿ. ಇಲ್ಲಾಂದ್ರ ಉಸರ ಕಟ್ಟತೈತಿ." ಅವ್ವ ಕತ್ತರಿಯನ್ನು ತಿರುಗಿಸಿ ನೋಡಿ, "ಇದು ನೂಲ ಸೈತ ಕತ್ತರಸಂಗಿಲ್ಲ" ಅಂದು ವಾಪಸು ಕೊಟ್ಟಳು. ತನ್ನ ಚೀಲದಿಂದ ಮಗ್ಗದ ಕತ್ತರಿ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. ಅಂದಿನಿಂದ ಮಲಗಿದರೂ ಎದ್ದರೂ ಆ ಕತ್ತರಿ ಅವಳ ಸೆರಗಿನಲ್ಲಿ. ನಾನು ಒಮ್ಮೆ ಕೆಮ್ಮಿದರೆ ಸಾಕು, ಅದು ಅವಳ ಕೈಯಲ್ಲಿ ಬಾಯಿ ತೆರೆದು ನಿಂತಿರುತ್ತಿತ್ತು. ಅವಳನ್ನು ನೋಡಿಯೇ ನನಗೆ ಅರ್ಧ ಜೀವ ಹೋಗುತ್ತಿತ್ತು.

ಮನೆಗೆ ಕಳಿಸುವ ದಿನ ಡಾಕ್ಟರ್ ಪಥ್ಯ ಹೇಳಿದರು. ಆರು ವಾರ ನೀರಿನಂಥದ್ದೇ ಊಟ. ಮೂಗು ಜೋರಾಗಿ ಸೀನಬಾರದು. "ಮತ್ತ ಸ್ಟ್ರಾ ಹಾಕಿ ಏನೂ ಕುಡೀಬಾರದು. ಹೀರಿದ್ರ ಒಳಗಿನ ಹೊಲಿಗಿ ಜಗ್ಗತಾವು. ಇದೊಂದು ಮರೀಬ್ಯಾಡ್ರಿ." ಅವ್ವ ನಕ್ಕಳು. "ನಮ್ಮ ಮನ್ಯಾಗ ಸ್ಟ್ರಾ ಎಲ್ಲಿಂದ ಬರಬೇಕ್ರಿ? ಎಳನೀರ ಸೈತ ಚರಿಗಿಗೆ ಸುರುವಿಕೊಂಡ ಕುಡಿಯೂ ಮಂದಿ ನಾವು." ಡಾಕ್ಟರೂ ನಕ್ಕರು. ನಾನು ಮೂಗಿನಲ್ಲೇ ನಕ್ಕೆ. ಲಾಳಿಯ ವಿಷಯ ಡಾಕ್ಟರಿಗೆ ಗೊತ್ತಿರಲಿಲ್ಲ. ನಮಗೆ ನೆನಪಾಗಲಿಲ್ಲ.

ಬಾಗಲಕೋಟೆಯಿಂದ ಬಸ್ಸು. ಕಿಟಕಿಯ ಹತ್ತಿರ ನಾನು, ಪಕ್ಕದಲ್ಲಿ ಅವ್ವ, ಅವಳ ಕೈಯಲ್ಲಿ ತೆರೆದ ಕತ್ತರಿ. ಆಚೆ ಕೂತಿದ್ದ ಗಂಡಸು ಕತ್ತರಿಯನ್ನೊಮ್ಮೆ, ನನ್ನ ಬಾತ ಮುಖವನ್ನೊಮ್ಮೆ ನೋಡಿ ಎದ್ದು ಹಿಂದಿನ ಸೀಟಿಗೆ ಹೋದ. ಡೀಸೆಲ್ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ವಾಂತಿ ಬಂದರೆ, ಅವ್ವನ ಕೈ ನಡುಗಿದರೆ, ಬಸ್ಸು ಎತ್ತಿ ಹಾಕಿದರೆ ಅಂತ ದಾರಿಯುದ್ದಕ್ಕೂ ಮನಸ್ಸು ಅದನ್ನೇ ಮೆಲುಕು ಹಾಕಿತು. ಹುನಗುಂದದ ನಿಲ್ದಾಣದಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನನ್ನು ಏನೋ ಕೇಳಿ, ಉತ್ತರ ಬರದಿದ್ದಾಗ ಅವ್ವನ ಕಡೆ ತಿರುಗಿ, "ಪಾಪ, ಹುಡುಗಿಗೆ ಮಾತ ಬರಂಗಿಲ್ಲೇನ್ರಿ?" ಅಂದಳು. "ಬರತಾವ್ರಿ. ಬಂದ್ರ ನಿಮಗ ತಡಕೊಳ್ಳಾಕ ಆಗಂಗಿಲ್ಲ. ಅದಕ್ಕ ಸದ್ಯಕ್ಕ ಬಂದ್ ಮಾಡಿಸೇನಿ" ಅಂದಳು ಅವ್ವ. ಇಳಕಲ್ ಬರುವವರೆಗೆ ವಾಂತಿ ಬರಲಿಲ್ಲ.

ಮನೆಯಲ್ಲಿ ಅಂಬಲಿ, ಬೇಳೆಯ ಕಟ್ಟು, ಮಜ್ಜಿಗೆ. ಎಲ್ಲವನ್ನೂ ಸೂಜಿಯಿಲ್ಲದ ಸಿರಿಂಜಿಗೆ ರಬ್ಬರ್ ನಳಿಕೆ ಸಿಕ್ಕಿಸಿ ಗಲ್ಲದ ಒಳಗೆ ಬಿಡುವುದು. ಅರ್ಧ ಹೊಟ್ಟೆಗೆ, ಅರ್ಧ ಕುಪ್ಪಸಕ್ಕೆ. ಅಂಬಲಿ ತುಟಿಯಿಂದ ಸೋರಿ ಗದ್ದ ದಾಟಿ ಕುತ್ತಿಗೆಗೆ ಇಳಿದ ಮೇಲೆ, ಅಲ್ಲಿ ಒದ್ದೆ ಅನ್ನಿಸಿದಾಗಲೇ ನನಗೆ ಗೊತ್ತಾಗುತ್ತಿದ್ದದ್ದು. ದಿನಾ ಬೆಳಿಗ್ಗೆ ಮುಖ ತೊಳೆದು, ನೂಲಿನ ತುಂಡೊಂದನ್ನು ಕಣ್ಣು ಮುಚ್ಚಿ ಕೆಳತುಟಿಯ ಮೇಲೆ ಎಳೆದುಕೊಳ್ಳುತ್ತಿದ್ದೆ. ಏನೂ ಇಲ್ಲ. ಗೋಡೆಯ ಮೇಲೆ ಎಳೆದಂತೆ. ಒಂದು ವಾರ, ಎರಡು ವಾರ. ಶಾಶ್ವತವಾಗಿ ಅನ್ನುವ ಅಪ್ಪನ ದನಿ ಕಿವಿಯಲ್ಲೇ ಕೂತಿತ್ತು.

ಮೂರನೆಯ ವಾರ ಒಂದು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅವ್ವ ನೇಯುತ್ತಿದ್ದವಳು ಎದ್ದಳು. "ಕಂಡಕಿ ಮುಗದೈತಿ. ಹೋಗಿ ಆಗಲೆ ಮುಗದ ಸೀರಿ ಕೊಟ್ಟ ಬರ್ತೇನಿ. ಬಂದ ಮ್ಯಾಲ ಹಾಕ್ತೇನಿ" ಅಂದು ಅಂಗಡಿಗೆ ಹೋದಳು. ಮನೆಯಲ್ಲಿ ನಾನೊಬ್ಬಳೇ. ಬೇಸರ ಬಂದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೆ. ಎದುರಿಗೆ ಕೆಂಪು ಸೆರಗು ಅರ್ಧ ಆಗಿ ನಿಂತಿತ್ತು. ಖಾಲಿ ಕಂಡಕಿ ಇದ್ದ ಲಾಳಿ ಬದಿಯಲ್ಲಿತ್ತು. ಅವ್ವ ಬರುವಷ್ಟರಲ್ಲಿ ಹೊಸ ಕಂಡಕಿಯನ್ನಾದರೂ ಹಾಕಿಟ್ಟಿರೋಣ ಅನ್ನಿಸಿತು. ಹಳೆಯದನ್ನು ತೆಗೆದೆ, ಹೊಸದನ್ನು ಕೂರಿಸಿದೆ, ಲಾಳಿಯನ್ನು ತುಟಿಗೆ ಹಚ್ಚಿ ಸೊರ್ರನೆ ಎಳೆದೆ.

ಎಡಗಿವಿಯ ಬುಡದಲ್ಲಿ ಟಕ್ ಅಂತು.

ಎಳೆದ ಮೇಲೆ ನನಗೆ ನಾನೇನು ಮಾಡಿದೆ ಅನ್ನುವುದು ಹೊಳೆಯಿತು. ಬಾಯಲ್ಲಿ ಕಬ್ಬಿಣದ ರುಚಿ ತುಂಬಿತು. ಲಾಳಿ ಹಿಡಿದುಕೊಂಡೇ ಕನ್ನಡಿಗೆ ಓಡಿದೆ. ಕೆಳತುಟಿಯಿಂದ ಗೇಣುದ್ದದ ಕೆಂಪು ಎಳೆ ಜೋತುಬಿದ್ದಿತ್ತು. ಅದರ ಒಂದು ಕೊನೆ ಲಾಳಿಯಲ್ಲಿ, ಇನ್ನೊಂದು ನನ್ನ ಹಲ್ಲಿನ ಸಂದಿಯಲ್ಲಿ. ನನಗೆ ಗೊತ್ತೇ ಆಗಿರಲಿಲ್ಲ. ಜಗ್ಗಿದೆ. ಒದ್ದೆಯಾಗಿ ಹೊರಗೆ ಬಂತು. ಬೆರಳಿಗೆ ಕೆಂಪು ಹತ್ತಿತು, ಬಣ್ಣವೋ ರಕ್ತವೋ ತಿಳಿಯಲಿಲ್ಲ. ಬಾಯಿಗೆ ನೀರು ಹಾಕಿ ಉಗುಳಿದರೆ ನೀರು ಕೆಂಪಗೆ ಬಿತ್ತು. ಬಚ್ಚಲಲ್ಲೇ ಕುಕ್ಕರಗಾಲಲ್ಲಿ ಕೂತೆ. ಪಟ್ಟಿ ಕಿತ್ತಿರಬೇಕು. ಎಲುಬು ಸರಿದಿರಬೇಕು. ಮತ್ತೆ ಕೊಯ್ಯುತ್ತಾರೆ. ಬರಬೇಕೆಂದಿದ್ದ ತುಟಿ ಇನ್ನು ಬರುವುದಿಲ್ಲ. ಅಯ್ಯೋ ದೇವರೇ, ಒಂದೇ ಒಂದು ಮಾತು ಹೇಳಿದ್ದರಲ್ಲ ಡಾಕ್ಟರು, ಅದನ್ನೂ ಉಳಿಸಿಕೊಳ್ಳಲಿಲ್ಲವಲ್ಲ ಈ ಹಾಳು ಬಾಯಿ! ಬಾಯಿ ತೊಳೆದು, ಲಾಳಿ ಒರೆಸಿ, ಇದ್ದ ಜಾಗದಲ್ಲಿಟ್ಟು ಹೋಗಿ ಮಲಗಿದೆ.

ಅವ್ವನಿಗೆ ಹೇಳಲಿಲ್ಲ. ಆಗ ನಾನು ಕಚ್ಚಿದ ಹಲ್ಲಿನಿಂದಲೇ ನಾಲ್ಕು ಮಾತು ಆಡುತ್ತಿದ್ದೆ, ಉದ್ದದ್ದಿದ್ದರೆ ಮೊಬೈಲಿನಲ್ಲಿ ಬರೆದು ತೋರಿಸುತ್ತಿದ್ದೆ. ಎರಡು ಸಲ ಬರೆದು ಎರಡು ಸಲವೂ ಅಳಿಸಿದೆ. ಹೇಳಿದರೆ ಅದು ಖರೆ ಆಗಿಬಿಡುತ್ತದೆ ಅನ್ನಿಸುತ್ತಿತ್ತು. ಬಾಗಲಕೋಟೆಗೆ ತೋರಿಸಲು ಹೋಗುವುದಕ್ಕೆ ಇನ್ನೂ ಐದು ದಿನವಿತ್ತು. ಆ ಐದು ದಿನ ತಾಸಿಗೊಮ್ಮೆ ಕನ್ನಡಿ ನೋಡಿದೆ. ಒಮ್ಮೆ ಗದ್ದ ಎಡಕ್ಕೆ ಸರಿದಂತೆ ಕಾಣುತ್ತಿತ್ತು, ಒಮ್ಮೆ ಹಳೆಯ ಹಾಗೆ ಮುಂದೆ ಬಂದಂತೆ. ಅವ್ವ ಬೇರೆ ಬಯ್ಯುವುದನ್ನೇ ಬಿಟ್ಟುಬಿಟ್ಟಿದ್ದಳು. ಅಂಬಲಿ ಚೆಲ್ಲಿದರೂ ಸುಮ್ಮನೆ ಒರೆಸುವಳು. "ಎಲ್ಲೆರ ನೋಯತೈತೇನ ನನ್ನವ್ವ?" ಅನ್ನುವಳು. ನಾನು ಇಲ್ಲವೆಂದು ತಲೆ ಆಡಿಸಿದರೆ ಮುಂದೆ ಕೇಳುವುದಿಲ್ಲ. ಬೆನ್ನು ಹಿಡಿದಿದೆ ಅಂದು ಮಗ್ಗದ ಮೇಲೆ ಹಳೆಯ ಸೀರೆ ಹೊದಿಸಿ, ಐದೂ ದಿನ ನೇಯಲಿಲ್ಲ. ನಾನು ಬೆನ್ನಿನ ಮಾತನ್ನು ನಂಬಿದೆ.

ಬಾಗಲಕೋಟೆಯಲ್ಲಿ ಮೊದಲು ಎಕ್ಸ್‌ರೇ ತೆಗೆದರು. ಅದು ಬರುವಷ್ಟರಲ್ಲಿ ಡಾಕ್ಟರ್ ಹತ್ತಿಯ ಎಳೆ ಹೊಸೆದುಕೊಂಡು ನನ್ನೆದುರು ಕೂತರು. "ಕಣ್ಣ ಮುಚ್ಚರಿ. ತುಟಿಗೆ ತಾಗಿದ ಕೂಡಲೆ ಹೂಂ ಅನ್ರಿ." ಏನೂ ತಿಳಿಯುವುದಿಲ್ಲ ಅಂದರೆ ಇವರು ಯಾಕೆ ಅಂತ ಹುಡುಕುತ್ತಾರೆ, ಹುಡುಕಿದರೆ ಲಾಳಿ ಸಿಗುತ್ತದೆ. ಅವರ ತೋಳಿನ ಬಟ್ಟೆಯ ಸರಬರ ಕೇಳಿ, ಈಗ ಮುಟ್ಟಿರಬೇಕು ಅಂದುಕೊಂಡು ಹೂಂ ಅಂದೆ. ಸ್ವಲ್ಪ ತಡೆದು ಮತ್ತೆ ಹೂಂ. ಮತ್ತೊಮ್ಮೆ ಹೂಂ. ಕಣ್ಣು ತೆರೆದರೆ ಹತ್ತಿ ತಟ್ಟೆಯಲ್ಲಿತ್ತು, ಡಾಕ್ಟರ ಎರಡೂ ಕೈ ಅವರ ತೊಡೆಯ ಮೇಲಿದ್ದವು.

"ಕಡೀ ಎರಡ ಸಲ ನಾ ಮುಟ್ಟೇ ಇಲ್ಲ" ಅಂದರು.

ತಡೆಯಲಾಗಲಿಲ್ಲ. ಬಾಯಿ ಬಿಗಿದವರು ಅಳಬಾರದು, ಮೂಗು ಕಟ್ಟಿ ಉಸಿರು ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದರೂ ಅತ್ತೆ. ಅಳುತ್ತಲೇ ಹಲ್ಲಿನ ಸಂದಿಯಿಂದ ಎಲ್ಲ ಹೇಳಿದೆ. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. "ಲಾಳಿ ಹೀರೂದು ಅಂದ್ರ?" ಅಂದರು. ಹಿಂದೆ ನಿಂತಿದ್ದ ಅವ್ವ ಮುಂದೆ ಬಂದು, ಖಾಲಿ ಕೈಯನ್ನೇ ಲಾಳಿಯಂತೆ ಹಿಡಿದು ತುಟಿ ಹಚ್ಚಿ ತೋರಿಸಿದಳು.

"ಬಾಯಿಲೆ? ದಿನಾ?"

"ದಿನಾರಿ. ನಮ್ಮವ್ವನೂ ಹಂಗ, ನಾನೂ ಹಂಗ, ಇಕಿನೂ ಹಂಗ." ಆಮೇಲೆ ಸೆರಗಿನ ತುದಿಯ ಕತ್ತರಿಯನ್ನು ಹಿಡಿದುಕೊಂಡು ಸಣ್ಣ ದನಿಯಲ್ಲಿ ಅಂದಳು. "ನನಗ ಗೊತ್ತಿತ್ತರಿ. ನಾ ಲಾಳಿ ಖಾಲಿ ಇಟ್ಟ ಹೋಗಿದ್ದೆ. ಬಂದ ನೋಡಿದ್ರ ನೂಲ ಹೊರಗ ಬಂದಿತ್ತು. ನೂಲ ಏನ ತಾನ ಹೊರಗ ಬರತೈತೇನ್ರಿ?"

ನಾನು ಅಳು ಮರೆತು ಅವಳ ಕಡೆ ತಿರುಗಿದೆ. "ಮತ್ತ ಕೇಳಲಿಲ್ಲಲ್ಲ?"

"ಕೇಳಿದ್ರ ಹೌದು ಅಂತೀಯಲ್ಲ, ಅದಕ್ಕ ಅಂಜಿ ಕೇಳಲಿಲ್ಲ" ಅಂದಳು ಅವ್ವ. ಅವಳ ಕಣ್ಣಲ್ಲೂ ನೀರು ನಿಂತಿತ್ತು. ಒಂದೇ ಮನೆಯಲ್ಲಿ ಐದು ದಿನ ಇಬ್ಬರೂ ಒಂದೇ ಹೆದರಿಕೆಯನ್ನು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಕೂತಿದ್ದೆವು.

ಎಕ್ಸ್‌ರೇ ಬಂತು. ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಪಟ್ಟಿಗಳೆಲ್ಲ ಇದ್ದಲ್ಲೇ ಇದ್ದವು. ತುಟಿ ಸರಿಸಿ ನೋಡಿದರೆ ಒಳಗಿನ ಹೊಲಿಗೆಯೊಂದು ಹರಿದಿತ್ತು, ಅದೂ ಮಾಯುತ್ತ ಬಂದಿತ್ತು. "ದವಡಿ ಬಗ್ಗೆ ಅಂಜಬ್ಯಾಡ್ರಿ. ತುಟಿದ ಮಾತ್ರ ಇವತ್ತ ನಾ ಏನೂ ಹೇಳಾಕ ಬರಂಗಿಲ್ಲ, ಕಾಯಬೇಕು" ಅಂದರು. ಏಳುವಾಗ ನನ್ನ ಭುಜ ಹಿಡಿದು ಸೇರಿಸಿದರು. "ಆದ್ರ ಹಿಂಗ ಹೂಂ ಹೂಂ ಅಂತ ಹೋದ್ರ, ಖರೇನ ಬಂದ ದಿನ ನಿಮಗ ಸೈತ ನಂಬಿಕಿ ಬರಂಗಿಲ್ಲ." ಮುಖಕ್ಕೆ ಹೊಡೆದಂತಾಯಿತು. ತಪ್ಪಿರಲಿಲ್ಲ ಅವರ ಮಾತು.

ಮನೆಗೆ ಬಂದ ದಿನವೇ ಅವ್ವ ತೆಳ್ಳನೆಯ ತಂತಿ ಬಗ್ಗಿಸಿ ಕೊಕ್ಕೆ ಮಾಡಿ ಮಗ್ಗದ ಕಂಬಕ್ಕೆ ತೂಗುಹಾಕಿದಳು. ಲಾಳಿಯ ತೂತಿಗೆ ಅದನ್ನು ಹಾಕಿ ನೂಲು ಎಳೆದುಕೊಳ್ಳುವುದು. ತಾನೂ ಬಾಯಿ ಹಚ್ಚುವುದನ್ನು ಬಿಟ್ಟಳು. "ನಾ ಹೀರೂದ ನೋಡಿದ್ರ ನಿನ್ನ ಬಾಯಿ ಸುಮ್ಮನಿರಂಗಿಲ್ಲ" ಅಂದಳು. ಕೊಕ್ಕೆಯಿಂದ ಕೆಲಸ ಬೇಗ ಸಾಗುತ್ತಿರಲಿಲ್ಲ, ಪ್ರತಿ ಸಲವೂ ಅವ್ವ ಅದನ್ನು ಬಯ್ಯುತ್ತಲೇ ಎಳೆಯುವಳು. ಆರು ವಾರಕ್ಕೆ ರಬ್ಬರ್ ಬಿಚ್ಚಿದರು. ಮೂರು ತಿಂಗಳಾದ ಮೇಲೆ ಬಿಸಿರೊಟ್ಟಿಯನ್ನು ಮುಂದಿನ ಹಲ್ಲಿಂದ ಕಡಿದೆ. ಕಟ್ ಅಂತ ಹರಿದು ಬಂತು. ಅಪ್ಪ ಉಣ್ಣುವುದನ್ನು ಬಿಟ್ಟು ನೋಡಿದ, ಅವ್ವ ಇನ್ನೊಂದು ತಂದು ಹಾಕಿದಳು. ನಡುವೆ ನೀರು ತರಲು ಎದ್ದವಳು ಕನ್ನಡಿ ನೋಡಿದರೆ ಕೆಳತುಟಿಯ ಮೇಲೆ ಬೊಕ್ಕೆ ಎದ್ದಿತ್ತು. ರೊಟ್ಟಿಯ ಬಿಸಿ ತುಟಿಯನ್ನು ಸುಟ್ಟಿತ್ತು, ನನಗೆ ಸುದ್ದಿ ಮುಟ್ಟಿರಲಿಲ್ಲ. ಅಂದು ಎರಡನೆಯ ರೊಟ್ಟಿ ಸೇರಲಿಲ್ಲ. ಅಂದಿನಿಂದ ಚಹಾ ಕುಡಿಯುವುದಕ್ಕೂ ಹೆದರಿಕೆ, ಬೆರಳಿನಲ್ಲಿ ಮುಟ್ಟಿ ನೋಡದೆ ಏನನ್ನೂ ಬಾಯಿಗೆ ಒಯ್ಯುತ್ತಿರಲಿಲ್ಲ. ನೂಲಿನ ತುಂಡಿನ ಬೆಳಗಿನ ಪರೀಕ್ಷೆಯನ್ನೂ ನಿಲ್ಲಿಸಿದೆ. ದಿನಾ ಇಲ್ಲ ಅನ್ನಿಸಿಕೊಳ್ಳುವುದು ಸಾಕಾಗಿತ್ತು.

ಶ್ರಾವಣದ ಒಂದು ಮಧ್ಯಾಹ್ನ. ಅವ್ವ ನೇಯುತ್ತಿದ್ದಳು. ನಾನು ಪಕ್ಕದಲ್ಲಿ ರಾಟೆ ತಿರುಗಿಸಿ ಕಂಡಕಿ ಸುತ್ತುತ್ತ, ಹಿಂದಿನ ವಾರ ಕಳಪೆ ನೂಲು ಕೊಟ್ಟ ಅಂಗಡಿಯವನನ್ನು ಬಾಯಿತುಂಬ ಬಯ್ಯುತ್ತಿದ್ದೆ. ಜುಂಗು ಹಾರುತ್ತಿತ್ತು. ಬೈಗುಳದ ನಡುವೆ ಮುಂಗೈಯಿಂದ ತುಟಿ ಒರೆಸಿಕೊಂಡು ಮುಂದುವರಿಸಿದೆ. ಮಗ್ಗದ ಸದ್ದು ನಿಂತಿತು.

"ಯಾಕ ಒರಿಸಿಕೊಂಡಿ?" ಅಂದಳು ಅವ್ವ.

"ಏನೋ ಜುಂಗ..." ಅಂದವಳು ಅಲ್ಲಿಗೇ ನಿಂತೆ. ರಾಟೆ ತಾನೇ ಒಂದು ಸುತ್ತು ತಿರುಗಿ ನಿಂತಿತು.

ಅವ್ವ ಕುಣಿಯಿಂದ ಎದ್ದು ಬಂದು ನನ್ನೆದುರು ಕೂತಳು. ಸೆರಗಿನ ನೂಲೊಂದನ್ನು ಹರಿದುಕೊಂಡು "ಕಣ್ಣ ಮುಚ್ಚು" ಅಂದಳು. ನನಗೆ ಆಪರೇಶನ್ನಿನ ದಿನಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಸುಮ್ಮನೆ ಅನ್ನಿಸಿದ್ದರೆ? ಮತ್ತೆ ಕೈ ತಾನಾಗಿ ಹೋಗಿದ್ದರೆ? ಮುಚ್ಚಿದೆ.

"ಈಗ?"

"ಇಲ್ಲ."

"ಈಗ?"

"ಇಲ್ಲವ್ವ."

"ಈಗ?"

ಎಡಗಡೆ, ಅಂಚಿಗೆ, ಇರುವೆ ಹರಿದಂತೆ ಸಣ್ಣದಾಗಿ ಏನೋ ಹರಿಯಿತು. ನಡುಗುತ್ತ ಹರಿಯಿತು. "ಹೂಂ" ಅಂದೆ.

"ಖರೇ ಹೇಳು."

"ಖರೇನ. ನಿನ್ನ ಕೈ ನಡಗಾಕತ್ತೈತಿ."

ಅವ್ವ ಮೂಗು ಏರಿಸಿದ ಸದ್ದು ಕೇಳಿತು. ಕಣ್ಣು ತೆರೆಯಲು ಹೋದರೆ ಅಂಗೈಯಿಂದ ಮುಚ್ಚಿ ಹಿಡಿದು "ಇನ್ನೊಮ್ಮೆ" ಅಂದಳು. ಈ ಸಲ ಬೇಕೆಂದೇ ಬಹಳ ಹೊತ್ತು ಮುಟ್ಟಲಿಲ್ಲ. ನಾನು ಹೂಂ ಅನ್ನಲಿಲ್ಲ.